ದುರ್ಯೋಧನ ಕಾಯ್ತಾ ಕೂತಿದ್ದ

ನಮ್ಮ ಚಿಕ್ಕಪ್ಪ ದುರ್ಯೋಧನ. ಹೆಸರಲ್ಲ, ಪಾತ್ರ. ಭಾರತೀನಗರದ ಸುತ್ತಮುತ್ತ ಯಾವ ಊರಲ್ಲಿ ಕುರುಕ್ಷೇತ್ರ ನಾಟಕ ಆದ್ರೂ ಒಂದು ಸೀನಿಗಾದ್ರೂ ಗದೆ ಹಿಡಿದು ನಿಲ್ಲೋ ಆಸಾಮಿ. ಭಾರತೀನಗರ ಅಂದ್ರೆ ಬೆಂಗಳೂರಲ್ಲಿ ಯಾರಿಗೂ ಗೊತ್ತಾಗಲ್ಲ. ಮಂಡ್ಯದವರಿಗೆ ಕೆ.ಎಂ.ದೊಡ್ಡಿ ಅಂದ್ರೆ ತಕ್ಷಣ ಗೊತ್ತಾಗುತ್ತೆ. ಮದ್ದೂರಿಂದ ಮಳವಳ್ಳಿ ಕಡೆ ಹೊರಟರೆ ಸಕ್ಕರೆ ಕಾರ್ಖಾನೆ, ಕಾಲೇಜು, ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು. ಆ ಊರು.

ನಮ್ಮ ಕಡೆ ಪೌರಾಣಿಕ ನಾಟಕ ಹೇಗೆ ನಡೆಯುತ್ತೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಇಲ್ಲಿ ನಟನಿಗೆ ಸಂಭಾವನೆ ಕೊಡಲ್ಲ. ನಟನೇ ಕೊಡಬೇಕು. ಪ್ರತಿ ಪಾತ್ರಕ್ಕೂ ಒಂದು ರೇಟು. ಕೃಷ್ಣನಿಗೆ, ದುರ್ಯೋಧನನಿಗೆ ಜಾಸ್ತಿ. ವಿದುರನಿಗೆ, ಸಾತ್ಯಕಿಗೆ ಕಮ್ಮಿ. ಆ ದುಡ್ಡಲ್ಲೇ ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಡ್ರೆಸ್ಸು, ಮೈಕ್‌ಸೆಟ್ಟು, ದ್ರೌಪದಿ ಮಾಡೋ ಕಲಾವಿದೆಯ ಸಂಬಳ ಎಲ್ಲ ನಡೀಬೇಕು. ಗದ್ದೆ ಕೆಲಸ ಮುಗಿಸಿ, ಹಾಲು ಡೈರಿಗೆ ಹಾಕಿ, ಎಂಟು ಗಂಟೆ ಮೇಲೆ ತಿಂಗಳುಗಟ್ಟಲೆ ಪ್ರಾಕ್ಟೀಸು. ನಾಟಕದ ದಿನ ರಾತ್ರಿ ಒಂಬತ್ತಕ್ಕೆ ಶುರುವಾದ್ರೆ ದುರ್ಯೋಧನನ ತೊಡೆ ಮುರಿಯೋ ಹೊತ್ತಿಗೆ ಕೋಳಿ ಕೂಗಿರುತ್ತೆ. ಒಂದು ವರ್ಷ ಚಿಕ್ಕಪ್ಪ ಕಬ್ಬಿನ ದುಡ್ಡಲ್ಲಿ ಮನೆಗೆ ಹಾಕಿಸಬೇಕಿದ್ದ ಶೀಟು ಬಿಟ್ಟು ದುರ್ಯೋಧನನ ಪಾತ್ರ ತಗೊಂಡಿದ್ರು. ಚಿಕ್ಕಮ್ಮ ಆ ಮಳೆಗಾಲ ಪೂರ್ತಿ ಸೋರುವ ಕಡೆ ಬಕೆಟ್ ಇಟ್ಟುಕೊಂಡು ದುರ್ಯೋಧನನನ್ನ ಬೈಯ್ತಿದ್ರು.

ಕೆಲವು ವರ್ಷದ ಹಿಂದೆ ಅಂಥದ್ದೇ ಒಂದು ನಾಟಕಕ್ಕೆ ಸಿನಿಮಾ ನಟರೊಬ್ಬರನ್ನ ಮುಖ್ಯ ಅತಿಥಿಯಾಗಿ ಕರೆಸಿದ್ರು. ಹೆಸರು ಬೇಡ. ಒಂಬತ್ತಕ್ಕೆ ಬರಬೇಕಾದವರು ಹತ್ತೂಮುಕ್ಕಾಲಿಗೆ ಬಂದ್ರು. ದೀಪ ಹಚ್ಚಿದ್ರು. 'ನಾನೂ ರಂಗಭೂಮಿಯಿಂದಲೇ ಬಂದವನು, ನನ್ನ ಬೇರು ಇಲ್ಲೇ ಇದೆ' ಅಂದ್ರು. ಒಂದು ಸಿನಿಮಾ ಡೈಲಾಗ್ ಹೊಡೆದ್ರು, ಶಿಳ್ಳೆ ಬಿತ್ತು, ಶಾಲು ಹೊದ್ದುಕೊಂಡು ಕಾರು ಹತ್ತಿದ್ರು. ಒಟ್ಟು ಇಪ್ಪತ್ತು ನಿಮಿಷ. ಅವರ ಹಿಂದೆ ಸೆಲ್ಫಿಗೆ ಅಂತ ಎದ್ದ ಅರ್ಧ ಜನ ವಾಪಸ್ ಬರಲೇ ಇಲ್ಲ. ಚಿಕ್ಕಪ್ಪ ಕಿರೀಟ ಕಟ್ಟಿಕೊಂಡು, ಮೀಸೆ ಅಂಟಿಸಿಕೊಂಡು, ಸೈಡ್ ವಿಂಗಲ್ಲಿ ಕಬ್ಬಿಣದ ಕುರ್ಚಿ ಮೇಲೆ ಎರಡು ಗಂಟೆಯಿಂದ ಕಾಯ್ತಾ ಕೂತಿದ್ರು. ಎಂಟ್ರಿ ಹಾಡು ಹಾಡಿದಾಗ ಮುಂದಿನ ಮೂರು ಸಾಲು ಕುರ್ಚಿ ಖಾಲಿ.

ಅವತ್ತಿಂದ ಪೇಪರಲ್ಲಿ 'ಬೇರಿಗೆ ಮರಳಿದ ನಟ' ಅಂತ ಹೆಡ್‌ಲೈನ್ ಕಂಡ್ರೆ ನನಗೆ ಆ ಖಾಲಿ ಕುರ್ಚಿ ನೆನಪಾಗುತ್ತೆ. ಮರಳಿ ಬರೋದು ಅಂದ್ರೆ ಏನು? ಎಷ್ಟು ಹೊತ್ತು? ಬಂದವರು ಏನು ತಂದ್ರು, ಏನು ತಗೊಂಡು ಹೋದ್ರು? ಈ ಪ್ರಶ್ನೆ ಇಟ್ಟುಕೊಂಡೇ ನಾನು ಮಂಡ್ಯ ರಮೇಶ್ ಅವರ 'ನಟನ'ಕ್ಕೆ ಹೋಗಿದ್ದು. ಹೊಗಳೋಕೆ ಅಂತ ಹೋಗಿರಲಿಲ್ಲ, ಮೊದಲೇ ಹೇಳಿಬಿಡ್ತೀನಿ.

ಮಂಡ್ಯ ರಮೇಶ್ ನಿಮಗೆಲ್ಲ ಗೊತ್ತು. ಆದ್ರೆ ಹೇಗೆ ಗೊತ್ತು? ನಮ್ಮ ಆಫೀಸಲ್ಲಿ ಕೇಳಿದ್ರೆ ಹತ್ತರಲ್ಲಿ ಎಂಟು ಜನ 'ಮಜಾ ಟಾಕೀಸ್' ಮುದ್ದೇಶ ಅಂತಾರೆ. ಸ್ವಲ್ಪ ವಯಸ್ಸಾದವರು ನಾಗಾಭರಣರ 'ಜನುಮದ ಜೋಡಿ' (1996), 'ನಾಗಮಂಡಲ' (1997) ನೆನಪಿಸಿಕೊಳ್ತಾರೆ. ಅದಕ್ಕೂ ಹಿಂದಿನದು ಗೊತ್ತಿರೋರು ಕಮ್ಮಿ. ಹೆಗ್ಗೋಡಿನ ನೀನಾಸಂನಲ್ಲಿ ಕಲಿತು, ಬಿ.ವಿ. ಕಾರಂತರು 1989ರಲ್ಲಿ ಮೈಸೂರಲ್ಲಿ ರಂಗಾಯಣ ಕಟ್ಟಿದಾಗ ಅದರ ಶುರುವಿನ ನಟರಲ್ಲಿ ಒಬ್ಬರಾಗಿದ್ದವರು. ಆಮೇಲೆ ಸಿನಿಮಾ, ಸೀರಿಯಲ್ಲು, ಕಾಮಿಡಿ ಶೋ. ಅದರ ಜೊತೆಗೇ ಮೈಸೂರಿನ ರಾಮಕೃಷ್ಣನಗರದಲ್ಲಿ 'ನಟನ' ಅನ್ನೋ ರಂಗಶಾಲೆ, ಅದಕ್ಕೊಂದು ಸ್ವಂತ ರಂಗಮಂದಿರ, ಮಕ್ಕಳಿಗೆ ಬೇಸಿಗೆ ಶಿಬಿರ, ಊರೂರು ಸುತ್ತೋ ನಾಟಕಗಳು.

ತೆರೆ ಮೇಲೆ ಅವರನ್ನ ಹೇಗೆ ಬಳಸಿಕೊಂಡ್ರು ಅನ್ನೋದನ್ನ ಒಂದು ಕ್ಷಣ ಯೋಚನೆ ಮಾಡಿ. ಹೆಸರಲ್ಲೇ ಊರಿರೋ ನಟ. ಕನ್ನಡ ಸಿನಿಮಾಕ್ಕೆ ಮಂಡ್ಯ ಭಾಷೆ ಎರಡೇ ಕಾರಣಕ್ಕೆ ಬೇಕು: ಒಂದು ಲಾಂಗ್ ಹಿಡಿದವನಿಗೆ, ಇನ್ನೊಂದು ನಗಿಸೋನಿಗೆ. 'ಹಸು' ಹೋಗಿ 'ಅಸು' ಆದ ತಕ್ಷಣ ಥಿಯೇಟರಲ್ಲಿ ನಗು. ಪ್ರೀತಿಸೋನು, ಅಳೋನು, ತತ್ವ ಹೇಳೋನು ಮಾತ್ರ ಶುದ್ಧವಾಗಿ, ಪುಸ್ತಕದ ಹಾಗೆ ಮಾತಾಡಬೇಕು. ಇದು ರಮೇಶ್ ಒಬ್ಬರ ಸಮಸ್ಯೆ ಅಲ್ಲ. ಆದ್ರೆ ಮಾತನ್ನ ಇಷ್ಟು ಸೂಕ್ಷ್ಮವಾಗಿ ಆಡಬಲ್ಲ ನಟನಿಗೆ ತೆರೆ ಕೊಟ್ಟಿದ್ದು ಬಹುಪಾಲು ಟೈಮಿಂಗ್ ಕೆಲಸ. ಆ ಟೈಮಿಂಗ್ ಎಷ್ಟು ಚೆನ್ನಾಗಿದೆ ಅಂದ್ರೆ, ಅದರ ಹಿಂದೆ ಇನ್ನೇನಿದೆ ಅಂತ ಯಾರೂ ಕೇಳಲೇ ಇಲ್ಲ.

ಇದು ನನಗ್ಯಾಕೆ ತಾಗುತ್ತೆ ಅಂದ್ರೆ, ಬಿಇ ಮುಗಿಸಿ ಬೆಂಗಳೂರಿಗೆ ಬಂದ ಮೊದಲ ವರ್ಷ ನಾನು ಮಾಡಿದ ದೊಡ್ಡ ಪ್ರಾಜೆಕ್ಟು ಜಾವಾದಲ್ಲಿ ಅಲ್ಲ, ನನ್ನ ನಾಲಿಗೆ ಮೇಲೆ. 'ಎಂಗೈತೆ' ಅನ್ನೋದನ್ನ 'ಹೇಗಿದೆ' ಮಾಡಿಕೊಂಡೆ. ಟೀಮ್ ಲಂಚಲ್ಲಿ ಯಾರಾದ್ರೂ 'ಮಂಡ್ಯ ಸ್ಟೈಲಲ್ಲಿ ಒಂದು ಡೈಲಾಗ್ ಹೊಡಿ ಗುರು' ಅಂದ್ರೆ ಹೊಡೀತಿದ್ದೆ, ನಗಿಸ್ತಿದ್ದೆ. ಆಮೇಲೆ ಊರಿಂದ ಅಪ್ಪ ಫೋನ್ ಮಾಡಿದ್ರೆ ಮೀಟಿಂಗ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡ್ತಿದ್ದೆ.

ಸರಿ, ನಾಟಕಕ್ಕೆ ಬರೋಣ. ನಾನು ನೋಡಿದ್ದು 'ಚೋರ ಚರಣದಾಸ'. ನಟನದ ಬಹಳ ಹೆಸರಾದ ನಾಟಕ, ನಿರ್ದೇಶನ ಮಂಡ್ಯ ರಮೇಶ್ ಅವರದ್ದೇ. ಮೂಲ ಹಬೀಬ್ ತನ್ವೀರರ 'ಚರಣದಾಸ್ ಚೋರ್'. ಜೊತೆಗೆ ಚಿಕ್ಕಪ್ಪನನ್ನೂ ಕರ್ಕೊಂಡು ಹೋಗಿದ್ದೆ. ಊರಿಂದ ಒಂದೂವರೆ ಗಂಟೆ ದಾರಿ. 'ಮುದ್ದೇಶ ಆಕ್ಟ್ ಮಾಡ್ತಾನೇನ್ಲಾ?' ಅನ್ನೋದು ಅವರ ಮೊದಲ ಪ್ರಶ್ನೆ. ಒಳಗೆ ಹೋಗಿ ಕೂತ ಮೇಲೆ ಎರಡನೇ ಪ್ರಶ್ನೆ: 'ಸೀನ್ಸ್ ಎಲ್ಲಿ?' ಅರಮನೆ ಪರದೆ ಇಲ್ಲ, ಉದ್ಯಾನವನದ ಪರದೆ ಇಲ್ಲ. ಇದು ಎಂಥ ನಾಟಕ ಅಂತ ಅವರಿಗೆ ಅನುಮಾನ.

ಕತೆ ಹೀಗಿದೆ. ಚರಣದಾಸ ಅನ್ನೋ ಕಳ್ಳ ಒಬ್ಬ ಗುರುವಿನ ಮುಂದೆ ತಮಾಷೆಗೆ ನಾಲ್ಕು ಶಪಥ ಮಾಡ್ತಾನೆ. ಚಿನ್ನದ ತಟ್ಟೆಯಲ್ಲಿ ಉಣ್ಣಲ್ಲ, ಆನೆ ಮೇಲೆ ಮೆರವಣಿಗೆ ಹೋಗಲ್ಲ, ರಾಣಿಯನ್ನ ಮದುವೆಯಾಗಲ್ಲ, ರಾಜ ಆಗಲ್ಲ. ಕಳ್ಳನಿಗೆ ಇದೆಲ್ಲ ಯಾವತ್ತು ಸಿಗಬೇಕು, ಅಂತ ಧೈರ್ಯ. ಗುರು ಐದನೆಯದು ಸೇರಿಸ್ತಾನೆ: ಸುಳ್ಳು ಹೇಳಬೇಡ. ಕಳ್ಳತನ ಬಿಡು ಅಂದಿದ್ರೂ ಇಷ್ಟು ಕಷ್ಟ ಆಗ್ತಿರಲಿಲ್ಲ. ಮುಂದೆ ನಾಲ್ಕೂ ಒಂದೊಂದಾಗಿ ಅವನ ಬಾಗಿಲಿಗೆ ಬರುತ್ವೆ. ರಾಜಭಂಡಾರದಿಂದ ಅವನು ಕದಿಯೋದು ಐದೇ ಐದು ಚಿನ್ನದ ನಾಣ್ಯ. ಕಳ್ಳ ಹೇಗೂ ಸಿಕ್ಕಿದಾನಲ್ಲ ಅಂತ ಭಂಡಾರದ ಅಧಿಕಾರಿ ತನ್ನ ಪಾಲಿಗೆ ಇನ್ನೈದು ಎತ್ತಿಕೊಂಡು ಲೆಕ್ಕ ಹತ್ತಕ್ಕೆ ಏರಿಸ್ತಾನೆ. ಕಳ್ಳ ಸುಳ್ಳು ಹೇಳಲ್ವಲ್ಲ, ಅಧಿಕಾರಿ ಸಿಕ್ಕಿಬೀಳ್ತಾನೆ. ಚಿಕ್ಕಪ್ಪ ಇಲ್ಲಿ ಎಷ್ಟು ಜೋರಾಗಿ ನಕ್ಕರು ಅಂದ್ರೆ ಮುಂದಿನ ಸಾಲಿನವರು ತಿರುಗಿ ನೋಡಿದ್ರು. ಪಂಚಾಯ್ತಿ ಲೆಕ್ಕ ಪುಸ್ತಕ ನೋಡಿದ ಯಾರಿಗೂ ಈ ಸೀನು ಅರ್ಥ ಮಾಡಿಸಬೇಕಾಗಿಲ್ಲ.

ಕೊನೆಗೆ ರಾಣಿ ಮದುವೆಯಾಗು ಅಂತಾಳೆ, ಅವನು ಒಲ್ಲೆ ಅಂತಾನೆ. ಹೋಗಲಿ, ಈ ವಿಷಯ ಹೊರಗೆ ಯಾರಿಗೂ ಹೇಳಬೇಡ ಅಂತಾಳೆ. ಕೇಳಿದ್ರೆ ಸುಳ್ಳು ಹೇಳೋಕೆ ನನ್ನಿಂದ ಆಗಲ್ಲವಲ್ಲ ಅಂತಾನೆ. ಅದಕ್ಕೇ ಸಾಯ್ತಾನೆ. ಅಲ್ಲೀತನಕ ನಗ್ತಾ ಇದ್ದ ಸಭಾಂಗಣ ಸುಮ್ಮನಾಯ್ತು.

ನಾನು ಗಮನಿಸಿದ್ದು ಇನ್ನೊಂದು. ಅವತ್ತಿನ ಪ್ರಯೋಗದಲ್ಲಿ ರಮೇಶ್ ವೇದಿಕೆ ಮೇಲೆ ಇರಲಿಲ್ಲ. ಆಡಿದವರು ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ಹಾಡೋರು ಅವರೇ, ಕುಣಿಯೋರು ಅವರೇ, ಈ ಸೀನಲ್ಲಿ ಹಳ್ಳಿಯವನಾದವನು ಮುಂದಿನ ಸೀನಲ್ಲಿ ಸೈನಿಕ. ಟಿವಿಯಲ್ಲಿ ನೋಡಿದ ಮುಖ ಬರುತ್ತೆ ಅಂತ ಮಕ್ಕಳನ್ನ ಕರ್ಕೊಂಡು ಬಂದ ಸಂಸಾರಗಳೂ ಇದ್ದವು. ಹತ್ತು ನಿಮಿಷ ಆದಮೇಲೆ ಆ ಮುಖವನ್ನ ಯಾರೂ ಹುಡುಕ್ತಿರಲಿಲ್ಲ. ಚಿಕ್ಕಪ್ಪ ಸಹ ಮುದ್ದೇಶನ ವಿಷಯ ಎತ್ತಲಿಲ್ಲ.

ನಮ್ಮ ಸಾಫ್ಟ್‌ವೇರಲ್ಲಿ 'ಬಸ್ ಫ್ಯಾಕ್ಟರ್' ಅಂತ ಒಂದು ಮಾತಿದೆ. ಟೀಮಲ್ಲಿ ಎಷ್ಟು ಜನಕ್ಕೆ ಬಸ್ ಗುದ್ದಿದ್ರೆ ಪ್ರಾಜೆಕ್ಟ್ ನಿಂತುಹೋಗುತ್ತೆ ಅನ್ನೋ ಲೆಕ್ಕ. ಕೇಳೋಕೆ ಕ್ರೂರ, ಆದ್ರೆ ಕೆಲಸಕ್ಕೆ ಬರೋ ಲೆಕ್ಕ. ಒಬ್ಬನೇ ಮೇಲೆ ಎಲ್ಲ ನಿಂತಿದ್ರೆ ಅದು ಪ್ರಾಜೆಕ್ಟ್ ಅಲ್ಲ, ಅವನ ಸರ್ಕಸ್ಸು. ತೆರೆಯ ನಟ ರಂಗಕ್ಕೆ ಮರಳಿದ್ದನ್ನ ಅಳೆಯೋಕೂ ನನಗೆ ಇದೇ ಸರಿ ಅನ್ನಿಸುತ್ತೆ. ಅವನು ವೇದಿಕೆಗೆ ಬಂದಾಗ ಎಷ್ಟು ಶಿಳ್ಳೆ ಬಿತ್ತು ಅನ್ನೋದಲ್ಲ. ಅವನು ಬರದ ಸಂಜೆ ನಾಟಕ ನಡೀತಾ ಅನ್ನೋದು. ಆ ಲೆಕ್ಕದಲ್ಲಿ ನಟನ ಪಾಸು. ಮುದ್ದೇಶ ದುಡಿದು ತಂದ ಹೆಸರು ಜನರನ್ನ ಬಾಗಿಲತನಕ ತರುತ್ತೆ. ಒಳಗೆ ಅವರನ್ನ ಕೂರಿಸಿಕೊಳ್ಳೋದು ಆ ಹುಡುಗರು.

ಎಲ್ಲ ಮರಳುವಿಕೆಯೂ ಒಂದೇ ಥರ ಇರಬೇಕು ಅಂತಲ್ಲ. ರಾಜ್‌ಕುಮಾರ್ ಅವರದ್ದನ್ನೇ ನೋಡಿ. ಗಾಜನೂರಿನ ಹುಡುಗ, ಅಪ್ಪನ ಹಿಂದೆ ಗುಬ್ಬಿ ಕಂಪನಿ ಸೇರಿ, 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ತೆರೆಗೆ ಬಂದವರು. ಕೆಲವೇ ವರ್ಷಕ್ಕೆ ಕನ್ನಡ ಸಿನಿಮಾದಲ್ಲಿ ಕೆಲಸವೇ ಇಲ್ಲದ ಹಾಗಾದಾಗ ಅವರು, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿಕೊಂಡು ಊರೂರಲ್ಲಿ ನಾಟಕ ಆಡಿದ್ರು. 1960ರ 'ರಣಧೀರ ಕಂಠೀರವ' ಆ ಗುಂಪಿನದ್ದೇ. ಆಗ ರಂಗದ ದುಡ್ಡು ಸಿನಿಮಾ ಸಾಕಿತು. ಈಗ ಸಿನಿಮಾ, ಟಿವಿ ದುಡಿಮೆ ರಂಗವನ್ನ ಸಾಕ್ತಿದೆ. ಸಾಲ ತೀರಿಸಿದ ಹಾಗೆ ಅಂದುಕೊಳ್ಳಿ.

ಉಮಾಶ್ರೀ ಅವರದ್ದು ಇನ್ನೊಂದು ಥರ. 'ಒಡಲಾಳ'ದ ಸಾಕವ್ವನಾಗಿ ರಂಗದ ಮೇಲೆ ಹೆಸರು ಮಾಡಿದವರನ್ನ ಸಿನಿಮಾ ವರ್ಷಗಟ್ಟಲೆ ಕಾಮಿಡಿಗೆ ಕಟ್ಟಿಹಾಕ್ತು. 'ಗುಲಾಬಿ ಟಾಕೀಸ್'ಗೆ ರಾಷ್ಟ್ರಪ್ರಶಸ್ತಿ ಬಂದ ಮೇಲೆ ಜನ ಅಯ್ಯೋ ಇವರು ಇಷ್ಟು ದೊಡ್ಡ ನಟಿಯಾ ಅಂತ ಎಚ್ಚೆತ್ತರು. ಮಂತ್ರಿಯಾಗಿದ್ದವರು ಆಮೇಲೆ ಬೇಲೂರು ರಘುನಂದನ್ ಬರೆದ 'ಶರ್ಮಿಷ್ಠೆ'ಗೆ ಒಬ್ಬರೇ ನಿಂತರು. ಅಲ್ಲಿ ಬಸ್ ಫ್ಯಾಕ್ಟರ್ ಒಂದೇ, ಇರಬೇಕಾದ್ದೂ ಹಾಗೇ. ಅಷ್ಟು ವರ್ಷ ತೆರೆ ಕೇಳದೇ ಬಿಟ್ಟಿದ್ದನ್ನ ಆ ದೇಹ, ಆ ದನಿಯೇ ಹೇಳಬೇಕು. ಇನ್ನೊಬ್ಬರಿಗೆ ವಹಿಸೋಕೆ ಬರಲ್ಲ. ಅದನ್ನ ನಾನು ಗೌರವಿಸ್ತೀನಿ. ಆದ್ರೆ ಅದು ನಟಿ ತನಗೆ ತಾನು ಮರಳಿ ಬಂದಿದ್ದು. ರಂಗಕ್ಕೆ ಮರಳೋದು ಅನ್ನೋದರಲ್ಲಿ ಇನ್ನೂ ಒಂದು ಕೆಲಸ ಬಾಕಿ ಇರುತ್ತೆ, ಜಾಗ ಮಾಡಿಕೊಡೋದು.

'ನಾಗಮಂಡಲ'ದಲ್ಲಿ ರಮೇಶ್ ಜೊತೆಗಿದ್ದ ಪ್ರಕಾಶ್ ರಾಜ್ ಕೂಡ 2023ರಲ್ಲಿ ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದ ಹತ್ತಿರ ಲೋಕಪಾವನಿ ದಡದಲ್ಲಿ 'ನಿರ್ದಿಗಂತ' ಶುರುಮಾಡಿದ್ರು. ಅವರು ಹುಟ್ಟಿ ಬೆಳೆದಿದ್ದು ಬೆಂಗಳೂರು, ರಂಗ ಕಲಿತಿದ್ದು ಕಲಾಕ್ಷೇತ್ರದ ಸುತ್ತ. ಆದ್ರೂ ಬಂದಿದ್ದು ಹಳ್ಳಿ ಮಗ್ಗುಲಿಗೆ. ತಂಡಗಳು ಬಂದು ಉಳಿದು ನಾಟಕ ಕಟ್ಟಿಕೊಂಡು ಹೋಗೋ ಜಾಗ. ಸ್ಟಾರ್ಟಪ್ ಭಾಷೆಯಲ್ಲಿ ಹೇಳೋದಾದ್ರೆ ಇನ್ಕ್ಯುಬೇಟರ್. ಜೆ.ಪಿ. ನಗರದವರಿಗೆ ಅರ್ಥ ಆಗೋ ಹಾಗೆ ಹೇಳ್ತೀನಿ: ಶಂಕರ್ ನಾಗ್ 1990ರಲ್ಲಿ ತೀರಿಕೊಂಡ ಮೇಲೆ ಅರುಂಧತಿ ನಾಗ್ ಅವರ ಪಾತ್ರಗಳನ್ನ ನೆನೆದು ಸುಮ್ಮನೆ ಕೂತಿದ್ರೆ 2004ರಲ್ಲಿ ರಂಗಶಂಕರ ಇರ್ತಿರಲಿಲ್ಲ. ಕಟ್ಟಡ, ದಿನಚರಿ, ಟಿಕೆಟ್ಟು, ಸಮಯಕ್ಕೆ ಸರಿಯಾಗಿ ಹಾಕೋ ಬಾಗಿಲು. ಇಷ್ಟು ಇದ್ರೆ ಮಾತ್ರ ಹೊಸಬನಿಗೆ ನಾಳೆಗೊಂದು ವೇದಿಕೆ.

ಈಗ ನನ್ನ ತಕರಾರು. ಎರಡಿವೆ.

ಒಂದು, ಮಾತು. ಹಬೀಬ್ ತನ್ವೀರ್ ರಾಯಪುರದವರು. ಬೊಂಬಾಯಿಗೆ ಹೋಗಿ ಸಿನಿಮಾ, ಲಂಡನ್ನಿಗೆ ಹೋಗಿ ರಂಗಶಿಕ್ಷಣ ಎಲ್ಲ ಮಾಡಿ, ಕೊನೆಗೆ ತಮ್ಮ ಛತ್ತೀಸಗಢದ ಜನಪದ ಕಲಾವಿದರ ಹತ್ತಿರ ವಾಪಸ್ ಬಂದವರು. ಶುರುವಿನಲ್ಲಿ ಆ ಕಲಾವಿದರ ಬಾಯಲ್ಲಿ ಹಿಂದಿ ಆಡಿಸೋಕೆ ಹೋಗಿ ವರ್ಷಗಟ್ಟಲೆ ಒದ್ದಾಡಿದ್ರು. ತಪ್ಪು ಎಲ್ಲಿದೆ ಅಂತ ಗೊತ್ತಾಗಿ, ಅವರವರ ಭಾಷೆಯಲ್ಲೇ ಆಡಲಿ ಅಂತ ಬಿಟ್ಟ ಮೇಲೆ ಹುಟ್ಟಿದ್ದು 1975ರ 'ಚರಣದಾಸ್ ಚೋರ್'. ಅದೇ ನಾಟಕ 1982ರಲ್ಲಿ ಎಡಿನ್‌ಬರೋ ಉತ್ಸವದಲ್ಲಿ ಪ್ರಶಸ್ತಿ ಗೆದ್ದಿತು, ಛತ್ತೀಸಗಢಿಯಲ್ಲೇ. ಇಂಥ ನಾಟಕ ನೋಡೋವಾಗ ನನ್ನ ಕಿವಿ ಕಾಯ್ತಿದ್ದಿದ್ದು ಮಂಡ್ಯದ ಮಾತು ನಗು ಬರೋ ಜಾಗ ಬಿಟ್ಟು ಬೇರೆಲ್ಲಾದ್ರೂ ಬರುತ್ತಾ ಅಂತ. ಹಾಸ್ಯದ ಸೀನುಗಳಲ್ಲಿ ಮಣ್ಣಿನ ವಾಸನೆ ಇತ್ತು. ಸಾವಿನ ಹತ್ತಿರ ಬಂದ ಹಾಗೆ ಮಾತು ತಂತಾನೇ ಇಸ್ತ್ರಿ ಹಾಕಿಕೊಂಡಿತು. ರಂಗಶಾಲೆಯಲ್ಲಿ ಕಲಿತ ಹುಡುಗರೆಲ್ಲ ಎಲ್ಲಿಂದ ಬಂದಿದ್ರೂ ಒಂದೇ ಉಸಿರಲ್ಲಿ, ಒಂದೇ ರಾಗದಲ್ಲಿ ಮಾತಾಡೋದು ನಟನಕ್ಕೆ ಮಾತ್ರ ಸೇರಿದ ಕಾಯಿಲೆ ಅಲ್ಲ, ಕನ್ನಡದ ಹವ್ಯಾಸಿ ರಂಗದ್ದೇ. ಆದ್ರೆ ಮಂಡ್ಯ ಅನ್ನೋ ಹೆಸರು ಹೊತ್ತ ನಿರ್ದೇಶಕರಿಂದ ನಾನು ಜಾಸ್ತಿ ಕೇಳ್ತೀನಿ. ಸಾಯೋನೂ ನನ್ನ ಭಾಷೆಯಲ್ಲಿ ಸಾಯಲಿ ಸಾರ್. ನಗೋಕೆ ಮಾತ್ರ ಆ ಭಾಷೆ ಅಂತ ತೆರೆ ಹೇಳಿದ್ದನ್ನ ರಂಗವೂ ಒಪ್ಪಿಕೊಂಡ್ರೆ ಮರಳಿ ಬಂದಿದ್ದರ ಅರ್ಧ ಫಲ ಹೋಯ್ತು.

ಎರಡನೆಯದು ಇನ್ನೂ ಕಷ್ಟದ್ದು. ನಾವು ರಂಗಭೂಮಿಯ ಬೇರು ಅನ್ನೋವಾಗ ನೀನಾಸಂ, ರಂಗಾಯಣ, ಕಲಾಕ್ಷೇತ್ರ ಅಂತೀವಿ. ಮಂಡ್ಯ ಜಿಲ್ಲೆಯಲ್ಲಿ ಕೈಯಿಂದ ದುಡ್ಡು ಹಾಕಿ ರಾತ್ರಿಯಿಡೀ ಆಡೋ ಕುರುಕ್ಷೇತ್ರ ಯಾರ ಬೇರು? ಅದರಲ್ಲಿ ದೋಷ ನೂರಿವೆ. ಮೈಕ್ ಮುಂದೆ ನಿಂತು ಹಾಡೋದೇ ನಟನೆ ಅನ್ನೋ ನಂಬಿಕೆ, ದುಡ್ಡಿದ್ದವನಿಗೆ ಕೃಷ್ಣನ ಪಾತ್ರ, ಒನ್ಸ್ ಮೋರ್ ಗಲಾಟೆ, ಊರಿನ ಹೆಣ್ಣುಮಕ್ಕಳಿಗೆ ಜಾಗವೇ ಇಲ್ಲ. ಆದ್ರೆ ಯಾವ ಸರ್ಕಾರದ ಅನುದಾನವನ್ನೂ ಕಾಯದೆ, ಯಾವ ಫೆಸ್ಟಿವಲ್ಲಿಗೂ ಅರ್ಜಿ ಹಾಕದೆ ರೈತರೇ ನಡೆಸಿಕೊಂಡು ಬಂದಿರೋ ರಂಗಭೂಮಿ ಇನ್ನೆಲ್ಲಿದೆ ತೋರಿಸಿ. ನೀನಾಸಂನಲ್ಲಿ ಕಲಿತವರಿಗೆ ಇದು ಕೆಳಮಟ್ಟದ್ದು, ಸಿನಿಮಾದವರಿಗೆ ಇದು ಶಾಲು ಹೊದಿಸಿಕೊಳ್ಳೋ ಜಾಗ. ಎರಡೂ ಕಡೆ ಕಾಲಿಟ್ಟ ನಟರು ಮನಸ್ಸು ಮಾಡಿದ್ರೆ ಇಲ್ಲಿಗೂ ಬರಬಹುದು. ದೀಪ ಹಚ್ಚೋಕಲ್ಲ. ಒಂದು ವಾರ ಪ್ರಾಕ್ಟೀಸಿಗೆ ಬಂದು, ಹಾರ್ಮೋನಿಯಂ ಮೇಷ್ಟ್ರ ಪಕ್ಕ ಕೂತು, ದುರ್ಯೋಧನನಿಗೆ ಮೈಕಿಂದ ಎರಡು ಹೆಜ್ಜೆ ಆಚೆ ಬಂದು ಭೀಮನನ್ನ ನೋಡಿ ಮಾತಾಡೋದನ್ನ ಹೇಳಿಕೊಡೋಕೆ.

ನಾಟಕ ಮುಗಿದ ಮೇಲೆ ಬಸ್ ಸ್ಟ್ಯಾಂಡ್ ಕಡೆ ಬರ್ತಾ ಚಿಕ್ಕಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಟೀ ಕುಡೀತಾ ಹೇಳಿದ್ರು, 'ಸೀನ್ಸ್ ಇಲ್ದಿದ್ರೂ ಆಯ್ತದೆ ಕಣ್ಲಾ. ಆ ಐಕ್ಳು ಒಬ್ರನ್ನೊಬ್ರು ನೋಡ್ಕಂಡು ಮಾತಾಡ್ತವೆ. ನಾವು ಜನ ನೋಡ್ಕಂಡು ಮಾತಾಡ್ತೀವಿ.' ಮೂವತ್ತು ವರ್ಷ ಗದೆ ಹಿಡಿದವರ ಬಾಯಲ್ಲಿ ಇದು ಬಂತು. ನಾನು ಇಲ್ಲಿ ಇಷ್ಟುದ್ದ ಬರೆದಿದ್ದಕ್ಕಿಂತ ಒಳ್ಳೆ ವಿಮರ್ಶೆ.

ಹೋದ ತಿಂಗಳು ಫೋನ್ ಮಾಡಿದ್ರು. ಮತ್ತೆ ಕುರುಕ್ಷೇತ್ರ ಇದೆಯಂತೆ. ಮುಖ್ಯ ಅತಿಥಿ ಯಾರನ್ನ ಕರೆಯೋದು ಅಂತ ಕಮಿಟಿ ಮೀಟಿಂಗಲ್ಲಿ ಚರ್ಚೆ ಆಯ್ತಂತೆ. ಚಿಕ್ಕಪ್ಪ ಎದ್ದು ನಿಂತು, 'ಬೆಳಿಗ್ಗೆಗಂಟ ಕುಂತ್ಕಳಂಗಿದ್ರೆ ಯಾರಾದ್ರೂ ಬರ್ಲಿ, ಇಲ್ದಿದ್ರೆ ಬ್ಯಾಡ' ಅಂದ್ರಂತೆ. ಕೊನೆಗೆ ಯಾರನ್ನೂ ಕರೆಯಲ್ಲ ಅಂತ ತೀರ್ಮಾನ.

ಫೋನ್ ಬಂದಾಗ ನಾನು ಆಫೀಸಲ್ಲಿದ್ದೆ. ಮೀಟಿಂಗ್ ರೂಮಿಗೆ ಹೋಗಲಿಲ್ಲ. ನನ್ನ ಸೀಟಲ್ಲೇ ಕೂತು, ಅಕ್ಕಪಕ್ಕದವರಿಗೆ ಕೇಳೋ ಹಾಗೇ, 'ನಾನು ಬತ್ತೀನಿ ಕಣ್ ಚಿಕ್ಕಪ್ಪ, ಬೆಳಿಗ್ಗೆಗಂಟ ಕುಂತ್ಕತೀನಿ' ಅಂದೆ.